ಭಾವನ ಒಂದು ಸಾಲು

ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಅವಳಿಗೆ ಕೂಲಿಯಿಲ್ಲದ ಇನ್ನೊಂದು ಕೆಲಸವೂ ಇತ್ತು. ಬೇರೆ ಬೇರೆ ಊರುಗಳ ಹತ್ತು ಜನರೊಡನೆ ಸೇರಿ ಒಂದು ಸರ್ವರ್ ತಂತ್ರಾಂಶವನ್ನು ಒಂಬತ್ತು ವರ್ಷಗಳಿಂದ ನೋಡಿಕೊಂಡು ಬಂದಿದ್ದಳು. ಸಾವಿರ ಜನ ಒಂದೇ ಹೊತ್ತಿಗೆ ಒಂದು ವೆಬ್‌ಸೈಟಿನ ಬಾಗಿಲು ಬಡಿದರೆ, ನೂಕುನುಗ್ಗಲಾಗದಂತೆ ಒಬ್ಬೊಬ್ಬರನ್ನೇ ಒಳಗೆ ಬಿಡುವುದು ಅದರ ಕೆಲಸ. ಬರೆದದ್ದೆಲ್ಲ ಬಯಲಲ್ಲೇ ಇತ್ತು. ಕೆರೆಯ ನೀರಿನ ಹಾಗೆ ಯಾರಾದರೂ ಮೊಗೆದುಕೊಳ್ಳಬಹುದು, ಮಾರಿಕೊಳ್ಳಲೂಬಹುದು.

ಅದರಲ್ಲಿ ಒಂದೇ ಒಂದು ಸಾಲು ಅವಳ ಭಾವನದು. ಅಕ್ಕನ ಗಂಡ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ನೂಕು ಮಿತಿಮೀರಿದಾಗ ಪರದೆಯ ಮೇಲೆ ಏನು ತೋರಿಸಲಿ ಎಂದು ಅವಳು ಯೋಚಿಸುತ್ತ ಕೂತಿದ್ದಾಗ, ಚಹಾ ಕುಡಿಯುತ್ತಿದ್ದ ಭಾವ, “ತಾಳಿದವನು ಬಾಳಿಯಾನು ಅಂತ ಹಾಕು” ಎಂದಿದ್ದ. ಹಾಕಿದಳು. ಕೆಲಸ ಮಾಡಿದವರ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಅವನ ಹೆಸರು ಸೇರಿತು. ಅಂದಿನಿಂದ ಕ್ಷೌರದಂಗಡಿಯಲ್ಲಿ ಅವನದು ಒಂದೇ ಮಾತು: “ಲಕ್ಷ ಜನ ಓದ್ತಾರಪ್ಪ, ನಾನು ಬರೆದದ್ದನ್ನ.”

ಒಂದು ಮಧ್ಯಾಹ್ನ ಕಂಪನಿಯೊಂದರ ಮ್ಯಾನೇಜರಮ್ಮ ಅವಳ ಗಡಿಯಾರದಂಗಡಿಗೆ ಬಂದರು. ಇದೇ ತಂತ್ರಾಂಶವನ್ನು ಆಸ್ಪತ್ರೆಗಳಿಗೆ ಸರದಿ ಕಾದಿರಿಸಲು ಮಾರುತ್ತಿದ್ದ ಕಂಪನಿ ಅದು.

“ಆ ಗಾದೆ ತೆಗೆದುಬಿಡಿ ಮೇಡಂ. ರೋಗಿಗಳ ಕಡೆಯವರು ಬೈತಿದ್ದಾರೆ.”

“ನಿಮ್ಮ ಪ್ರತಿಯಲ್ಲಿ ನೀವೇ ತೆಗೀಬಹುದಲ್ಲ? ಯಾರೂ ಬೇಡ ಅನ್ನಲ್ಲ.”

“ನೀವು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಮತ್ತೆ ತೆಗೀತಾ ಕೂರೋರು ಯಾರು? ಬುಡದಲ್ಲೇ ತೆಗೆದುಬಿಡಿ.”

ಸುದ್ದಿ ಕೇಳಿ ಭಾವ ಕೆಂಡವಾದ. “ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸ್ತಾರೆ ನೋಡು! ಹಾಲು ಮಾರ್ಕೊಳ್ಳೋರೂ ಅವರೇ.” ಆಮೇಲೆ ದನಿ ಇಳಿಸಿ ಕೇಳಿದ: “ಸಾಲು ಹೋದರೆ ನನ್ನ ಹೆಸರೂ ಹೋಗುತ್ತಾ?”

“ಹೋಗುತ್ತೆ ಭಾವ. ಒಂದು ಸಾಲೂ ಇಲ್ಲದೆ ಹೆಸರಿಟ್ಟರೆ ಉಳಿದವರು ಕೇಳ್ತಾರೆ.”

ಮಾರನೆಯ ಬೆಳಗ್ಗೆ, ನೋಡೇಬಿಡೋಣ ಎಂದು ಅವನು ಆಸ್ಪತ್ರೆಗೆ ಹೋಗಿ ಕಬ್ಬಿಣದ ಕುರ್ಚಿಯೊಂದರಲ್ಲಿ ಕೂತ. ಹತ್ತು ಗಂಟೆಗೆ ಗೋಡೆಯ ಪರದೆಯ ಮೇಲೆ ಅವನ ಸಾಲು ಮೂಡಿತು. ಎಕ್ಸ್‌ರೇ ಕವರು ಹಿಡಿದು ಪಕ್ಕದಲ್ಲಿ ಕೂತವನು ಅದನ್ನು ಗಟ್ಟಿಯಾಗಿ ಓದಿದ.

“ಹಾಗಾದ್ರೆ ತಾಳದವರ ಗತಿ?” ಎಂದಳು ಹಿಂದಿದ್ದ ಮುದುಕಿ.

“ಒಳಗೆ ನಮ್ಮಪ್ಪ ತಾಳೋಕಾಗದೆ ನರಳ್ತಿದಾರೆ. ಇದನ್ನ ಬರೆದ ಪುಣ್ಯಾತ್ಮ ಕೈಗೆ ಸಿಗಬೇಕಿತ್ತು” ಎಂದ ಎಕ್ಸ್‌ರೇ ಕವರಿನವನು.

ಭಾವ “ಹೂಂ” ಎಂದು ತನ್ನ ಚಪ್ಪಲಿ ನೋಡಿಕೊಂಡ.

ಅಲ್ಲಿಂದ ನೇರ ಅಂಗಡಿಗೆ ಬಂದು, “ತೆಗೆದುಬಿಡಮ್ಮ” ಎಂದ. ಅವಳು ಅಂದೇ ತೆಗೆದಳು. ಅವನು ಮಾತ್ರ ಏಳಲಿಲ್ಲ.

“ಹಿಂದಿನ ಬಸ್ಸು ಖಾಲಿ ಬರ್ತಿದೆ ಅಂತ ಹಾಕೋಣವಾ?”

“ನಿಜವಾ?”

“ಮೂವತ್ತು ವರ್ಷ ಹೇಳಿದೆ. ಒಂದು ದಿನವೂ ಖಾಲಿ ಬರಲಿಲ್ಲ.”

ಇಬ್ಬರೂ ನಕ್ಕರು. ಎರಡು ದಿನ ಬಿಟ್ಟು ಹೊಸ ಸಾಲು ತಂದ: ನಿಮ್ಮ ಸರದಿ ಎಲ್ಲೂ ಹೋಗಿಲ್ಲ.

“ಕಾಯೋದನ್ನ ಜನ ಹೇಗೋ ಸಹಿಸ್ತಾರೆ ಕಣಮ್ಮ. ಕಾದದ್ದೆಲ್ಲ ನೀರಲ್ಲಿ ಹೋಮ ಆದರೆ ಅನ್ನೋದೇ ಭಯ.”

ಅವಳು ಕೈಯಲ್ಲಿದ್ದ ಚಿಮುಟ ಕೆಳಗಿಟ್ಟಳು. “ಸಾಲು ಚೆನ್ನಾಗಿದೆ. ಆದರೆ ಸುಳ್ಳು, ಭಾವ. ನೂಕು ಹೆಚ್ಚಾದರೆ ನಮ್ಮ ತಂತ್ರಾಂಶ ಸರದಿ ಮರೆತುಬಿಡುತ್ತೆ. ಜನ ಮತ್ತೆ ಕೊನೆಯಿಂದ ನಿಲ್ಲಬೇಕು.”

“ಹಾಗಾದರೆ ಬೇಡ. ಭಗವಂತ ಮೆಚ್ಚಲ್ಲ. ನನ್ನ ಹೆಸರೂ ತೆಗೆದುಬಿಡು” ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಕೂತ್ಕೊಳ್ಳಿ ಭಾವ. ನಿಜ ಮಾಡೋಣ. ಮೂರು ವಾರ ಕೊಡಿ.”

ಐದು ವಾರ ಹಿಡಿಯಿತು. ಹತ್ತು ಜನರೂ ಪತ್ರಗಳಲ್ಲಿ ಜಗಳವಾಡಿದರು. ಎಲ್ಲಕ್ಕಿಂತ ಹೆಚ್ಚು ಬೈದವನೇ ಅತಿ ಕಷ್ಟದ ಭಾಗವನ್ನು ಬರೆದುಕೊಟ್ಟ. ಹೊಸ ಆವೃತ್ತಿ ಹೊರಬಂದ ಸಂಜೆಯೇ ಕಂಪನಿ ಅದನ್ನು ಎತ್ತಿಕೊಂಡು, ‘ನಮ್ಮ ಹೊಸ ಸೌಲಭ್ಯ’ ಎಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿತು. ಗಡಿಯಾರದವಳು ಅದನ್ನು ಓದಿ ಮಡಚಿಟ್ಟಳು. ಯಾರ ಬಟ್ಟೆ ಒಣಗುತ್ತಿದೆಯೆಂದು ಸೂರ್ಯದೇವ ಕೇಳುವುದಿಲ್ಲ. ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಉಳಿಯಿತು.

ಭಾವ ಮತ್ತೊಮ್ಮೆ ಆಸ್ಪತ್ರೆಗೆ ಹೋಗಿ ಕೂತ. ಹತ್ತು ಗಂಟೆಗೆ ಹೊಸ ಸಾಲು ಮೂಡಿತು. ಜನ ತಲೆಯೆತ್ತಿ ನೋಡಿ ಮತ್ತೆ ತಮ್ಮ ಮಾತಿಗೆ ಮರಳಿದರು. ಯಾರೂ ಗಟ್ಟಿಯಾಗಿ ಓದಲಿಲ್ಲ. ಅವನು ಇನ್ನಷ್ಟು ಹೊತ್ತು ಕೂತಿದ್ದು, ನಿಂತಿದ್ದ ಯಾರಿಗೋ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಬಂದ.