ಐದು ಗಂಟೆಯೊಳಗಿನ ಪತ್ರ

ಅವತ್ತು ಸಂಜೆ ಐದರೊಳಗೆ ಒಬ್ಬ ಪಶುವೈದ್ಯರ ಸಹಿ ಇರುವ ಪತ್ರ, ಅದರ ಫೋಟೋ ಆದರೂ ಸರಿ, ಕಾಲೇಜಿಗೆ ಮುಟ್ಟದಿದ್ದರೆ ನನ್ನ ವರ್ಷ ಹಾಳು. ಪಶುಸಂಗೋಪನೆ ಡಿಪ್ಲೊಮಾದ ಕೊನೆಯ ಎರಡು ತಿಂಗಳು ಇಂಟರ್ನ್‌ಶಿಪ್. ಜಾಗ ನಾವೇ ಹುಡುಕಿಕೊಳ್ಳಬೇಕು. ನಾನು ಹುಡುಕಿದ ಚೆಂದ ಕೇಳಿ. ತಾನಾಜಿ ಕಾಕಾ "ನಾ ಹೇಳಿಡ್ತೀನಿ, ನೀ ಸುಮ್ಮ ಕುಂದ್ರು" ಅಂದರು. ಪೂರಾ ಒಂದು ತಿಂಗಳು ಸುಮ್ಮನೆ ಕೂತೆ. ನಮ್ಮೂರು ದರಿಬಡಚಿಯಲ್ಲಿ ಯಾರೋ ಯಾರಿಗೋ ಹೇಳಿಟ್ಟರೇ ಕೆಲಸ. ಕಾಕಾ ಯಾರಿಗೂ ಹೇಳಿರಲಿಲ್ಲ. ಕೊನೆಯ ಮೂರು ದಿನ ಹುಚ್ಚಿಯಂತೆ ನಾನೇ ಅಲೆದೆ. ಒಬ್ಬರು ಹುಡುಗಿಯರು ಬೇಡವೆಂದರು, ಇನ್ನೊಬ್ಬರು ಫೋನೇ ಎತ್ತಲಿಲ್ಲ.

ಉಳಿದವರು ಜತ್ತದ ಡಾಕ್ಟರ್ ವಿದ್ಯಾವತಿ ಒಬ್ಬರೇ. ಮಧ್ಯಾಹ್ನ ಅವರ ದವಾಖಾನೆಗೆ ಹೋಗಿ ನೇರವಾಗಿ ಪತ್ರ ಕೇಳಿದೆ.

"ಪತ್ರ ಕೇಳಾಕ ಭಾಳ ಮಂದಿ ಬರ್ತಾರ," ಅಂದರು, ಮಂಜುಗಡ್ಡೆಯ ಡಬ್ಬಿಯಲ್ಲಿ ಲಸಿಕೆಯ ಬಾಟಲಿ ಇಡುತ್ತ. "ಕೆಲಸ ಕೇಳಾಕ ಯಾರೂ ಬರಂಗಿಲ್ಲ. ಕುಣಿಕೋಣೂರಿಗೆ ಹೊಂಟೀನಿ, ಬಾ. ನಿನ್ನ ಕೆಲಸ ನೋಡಿ ಆಮ್ಯಾಲ ಮಾತಾಡೂಣು."

ಸ್ಕೂಟರನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ಹಳ್ಳ ದಾಟಿ, ಇಪ್ಪತ್ತು ನಿಮಿಷ ನಡೆದು ಮುದಿ ಕುರಿಗಾರ ಶಿದ್ರಾಯ ಮುತ್ಯಾನ ಕುರಿದೊಡ್ಡಿ ಮುಟ್ಟಿದಾಗ ಮೂರು ಗಂಟೆ. ಹಳ್ಳಕ್ಕೆ ಇಳಿಯುತ್ತಲೇ ಫೋನಿನ ರೇಂಜ್ ಹೋಗಿತ್ತು.

"ಕುರಿ ಎಷ್ಟದಾವ?" ಡಾಕ್ಟರು ಕೇಳಿದರು. ಒಂದು ಬಾಟಲಿ ನೂರು ಕುರಿಗೆ. ಪುಡಿಗೆ ನೀರು ಬೆರೆಸಿದ ಮೇಲೆ ಎರಡು ತಾಸಿನಲ್ಲಿ ಚುಚ್ಚಿ ಮುಗಿಸಬೇಕು, ಇಲ್ಲವಾದರೆ ಕೆಡುತ್ತದೆ.

"ಅದಾವ್ರಿ, ದೇವರು ಕೊಟ್ಟಷ್ಟು," ಅಂದ ಮುತ್ಯಾ.

ನನಗೆ ಜಾಣತನ ತೋರಿಸುವ ಹುಕಿ. ಕಲ್ಲು ಹತ್ತಿ, ಬೆರಳು ಚಾಚಿ, ಗಟ್ಟಿಯಾಗಿ ಎಣಿಸಿದೆ. "ನೂರಾ ಎಂಬತ್ತಾರು ಅದಾವ್ರಿ, ಮ್ಯಾಡಮ್!" ಡಾಕ್ಟರು ಎರಡೂ ಬಾಟಲಿಗೆ ನೀರು ಬೆರೆಸಿದರು.

ಮುತ್ಯಾ ದೊಡ್ಡಿಯ ಮುಳ್ಳಿನ ಬಾಗಿಲು ಎಳೆದು ಮುಚ್ಚಿದ.

"ಯಾವೂರಾಕಿ ನೀ?"

"ದರಿಬಡಚಿ. ಯಲ್ಲವ್ವನ ಮೊಮ್ಮಗಳು."

"ಕುರಿ ಕಾಯೂ ಮನಿಯಾಕಿ ಬೆರಳ ಮಾಡಿ ಎಣಿಸ್ತಿ? ಇವತ್ತ ಯಾವ ಕುರಿಗೂ ಸೂಜಿ ಇಲ್ಲ. ನಡ್ರಿ."

ನಮ್ಮಲ್ಲಿ ಕುರಿಯ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಣ್ಣು ತಾಕುತ್ತದೆಂದು. ಅಜ್ಜಿ ಪ್ರತಿ ಕುರಿಯ ಮುಖ ಬಲ್ಲಳು. ಸಂಜೆ ಒಂದು ಬರದಿದ್ದರೆ ಎಣಿಸದೆಯೇ ಹೇಳುತ್ತಾಳೆ. ಇದೆಲ್ಲ ಗೊತ್ತಿದ್ದವಳೇ ನಾನು. ಬಿಳಿ ಕೋಟು ಹಾಕಿಕೊಂಡೆ, ಬುದ್ಧಿ ಮಣ್ಣು ತಿಂದಿತು.

ಡಾಕ್ಟರು ಗಡಿಯಾರ ನೋಡಿದರು. "ನಿನ್ನ ಮಾತಿನ ಮ್ಯಾಲ ಎರಡೂ ಕಲಸೀನಿ. ಈಗ ನೀನ ಏನರ ಮಾಡು."

ಕೋಟು ಬಿಚ್ಚಿದೆ, ಚಪ್ಪಲಿ ಬಿಟ್ಟೆ. ಯಾರ ಕಣ್ಣು ತಾಕಿದೆಯೋ ಅವರ ಪಾದದ ಮಣ್ಣಿನಿಂದಲೇ ದೃಷ್ಟಿ ತೆಗೆಯಬೇಕು. ನನ್ನ ಅಂಗಾಲಿನ ಕೆಳಗಿನ ಮಣ್ಣು ಮುಷ್ಟಿಯಲ್ಲಿ ಹಿಡಿದು ದೊಡ್ಡಿಯನ್ನು ಮೂರು ಸಲ ಸುತ್ತಿದೆ. ನನ್ನದೇ ಕೆಟ್ಟ ಕಣ್ಣೆಂದು ಡಾಕ್ಟರ ಎದುರು ಒಪ್ಪಿಕೊಂಡ ಹಾಗೆ. ನಾಚಿಕೆ, ನನ್ನ ಮೇಲೆ ನನಗೇ ಸಿಟ್ಟು. ಮಣ್ಣನ್ನು ಹಳ್ಳದ ಕಡೆ ಎಸೆದು, "ತಪ್ಪಾತು ಮುತ್ಯಾ," ಅಂದೆ.

ಅವನು ನನ್ನ ಬರಿಗಾಲನ್ನು ನೋಡಿದ. ಆಮೇಲೆ ಬಾಗಿಲು ಸರಿಸಿದ. "ನೀನ ಹಿಡಕೊಡಬೇಕು. ನನ್ನ ಮೊಣಕಾಲು ಕೇಳಂಗಿಲ್ಲ."

ಆಗಲೇ ಮೂರೂವರೆ. ನಾನು ಹಿಡಿದೆ, ಡಾಕ್ಟರು ಚುಚ್ಚಿದರು, ಮುತ್ಯಾ ಬಾಗಿಲಲ್ಲಿ ಕೂತು ಒಂದೊಂದನ್ನೇ ಹೊರಗೆ ಬಿಟ್ಟ. ನಾಲ್ಕೂ ಇಪ್ಪತ್ತೈದಕ್ಕೆ ಇನ್ನೂ ಮೂರರಲ್ಲೊಂದು ಪಾಲು ಉಳಿದಿತ್ತು. ಡಾಕ್ಟರು ಕೈ ಒರೆಸಿಕೊಂಡು, ಚೀಲದಿಂದ ಲೆಟರ್‌ಹೆಡ್ ತೆಗೆದು ಎರಡು ಸಾಲು ಗೀಚಿ, ಸಹಿ ಮಾಡಿ ಶಿಕ್ಕಾ ಒತ್ತಿದರು.

"ಈಗ ಹೊಂಟ್ರ ಐದರೊಳಗ ರಸ್ತಾಕ್ಕ ಮುಟ್ತಿ. ಫೋಟೋ ತಗದು ಕಳಸು. ಹೋಗು."

"ಕುರಿ ಯಾರು ಹಿಡೀತಾರ್ರಿ?"

"ಅದು ನನ್ನ ಚಿಂತಿ."

ಮುತ್ಯಾನನ್ನು ನೋಡಿದೆ. ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದ. ಐದು ದಾಟಿದರೆ ಆ ಔಷಧ ಬರೀ ನೀರು. ಓಡಿಬಿಡಬೇಕೆಂದು ಎಷ್ಟು ಅನಿಸಿತೋ ಹೇಳಲಾರೆ. ಒಂದು ಹೆಜ್ಜೆ ಇಟ್ಟೂ ಇದ್ದೆ. ಪತ್ರವನ್ನು ಮಡಚಿ ಜೇಬಿಗೆ ತುರುಕಿ, ಮುಂದಿನ ಕುರಿಯ ಹಿಂಗಾಲು ಹಿಡಿದೆ. ಡಾಕ್ಟರು ಸಿರಿಂಜು ತುಂಬಿಕೊಂಡರು.

ಕೊನೆಯದಕ್ಕೆ ಚುಚ್ಚಿದಾಗ ಐದಕ್ಕೆ ಐದು ನಿಮಿಷ. ಬರಿಗಾಲಲ್ಲೇ ಓಡಿದೆ. ಹಳ್ಳದಲ್ಲಿ ಬಿದ್ದೆ, ಎದ್ದು ಮತ್ತೆ ಓಡಿದೆ. ರಸ್ತೆ ಮುಟ್ಟಿದಾಗ ಐದೂ ಹತ್ತು. ಆದರೂ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು. ಇಂಟರ್ನ್‌ಶಿಪ್ ನೋಡಿಕೊಳ್ಳುವ ಶ್ರೀಶೈಲಪ್ಪ ಸರ್.

"ಐದಕ್ಕ ಮುಗೀತು ಅಂತ ಹೇಳಿದ್ದಿಲ್ಲೇನು ಸುಮನ? ಇಷ್ಟು ತಡ ಯಾಕ?"

ರೇಂಜ್ ಇರಲಿಲ್ಲವೆಂದರೆ ಸಾಕಿತ್ತು, ಅದು ಸುಳ್ಳೂ ಅಲ್ಲ. ಅಳು ಬಂದುಬಿಟ್ಟಿತು. "ಮೂರಕ್ಕ ಲಸಿಕಿ ಕಲಸಿದ್ವಿ ಸರ್. ಕುರಿ ಉಳಿದಿದ್ವು. ಬಿಟ್ಟು ಬರಾಕ ಆಗಲಿಲ್ರಿ."

ಪಾಠ ಹೇಳಲು ಬರುವ ಮೊದಲು ಸರ್ ಇಪ್ಪತ್ತು ವರ್ಷ ಇಂಥವೇ ದೊಡ್ಡಿಗಳನ್ನು ಸುತ್ತಿದವರು.

"ಎಲ್ಲಾಕೂ ಹಾಕಿದ್ರ್ಯಾ?"

"ಹಾಕಿದ್ವಿ ಸರ್. ಒಂದೂ ಬಿಟ್ಟಿಲ್ಲ."

"ಹಂಗಾದ್ರ ನಿನ್ನ ಇಂಟರ್ನ್‌ಶಿಪ್ ಮೂರಕ್ಕ ಸುರು ಆಗೇತಿ," ಅಂದರು. "ಹಾಜರಿ ಇವತ್ತಿಂದ ಹಾಕ್ತೀನಿ."

ನಾನು ರಸ್ತೆಯ ಅಂಚಿನಲ್ಲೇ ಕುಸಿದು ಕೂತು ಜೋರಾಗಿ ಅತ್ತೆ.