ನೋಡಿದವರ ಸಂಖ್ಯೆ

ನನ್ನ ತಮ್ಮ ರೋಶನ್‌ನನ್ನು ದಡ್ಡ ಎಂದರೆ ದಡ್ಡರಿಗೆ ಬೇಸರವಾದೀತು. ದಡ್ಡರು ಗೊತ್ತಿಲ್ಲ ಎಂದು ಸುಮ್ಮನಾಗುತ್ತಾರೆ. ಇವನು ಮಣಿಪಾಲದಲ್ಲಿ ಕಂಪ್ಯೂಟರ್ ಓದುತ್ತಿದ್ದವನು. ಯಾರು ಏನು ಕೇಳಿದರೂ ಹೌದು ಎನ್ನುವುದು ಇವನ ರೋಗ.

ಎರಡು ಸಾವಿರದ ಎರಡನೇ ಇಸವಿಯ ಮಾತು. ಸಂತೆಕಟ್ಟೆಯಲ್ಲಿ ನಮ್ಮ ಮನೆ, ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಕೆಲಸ. ಪಕ್ಕದ ಜಾಗದಲ್ಲಿ ಯಾರೋ ಮುಂಬಯಿಯವರ ಕಟ್ಟಡ ಏಳುತ್ತಿತ್ತು. ಅಲ್ಲಿ ಕಲ್ಲು ಹೊರುತ್ತಿದ್ದ ಅಂಬವ್ವ ಬಾದಾಮಿ ಕಡೆಯವಳು, ನಮ್ಮ ಬಾವಿಯ ನೀರಿಗೆ ಬಂದು ಪರಿಚಯವಾದವಳು. ಅವಳ ಒಬ್ಬನೇ ಮಗ ಯಮನೂರ ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಮಳೆಗಾಲ ಕಳೆದು ಬೋಟುಗಳು ನೀರಿಗಿಳಿದ ಸ್ವಲ್ಪ ದಿನಕ್ಕೆ ಅವನು ಕಾಣೆಯಾದ. ದಡಕ್ಕೆ ಬಂದ ಮೇಲೆ ಜಗಳ ಮಾಡಿಕೊಂಡು ಕಾಪುವಿನ ಬಸ್ಸು ಹತ್ತಿ ಹೋದ ಎಂದರು ಬೋಟಿನವರು. ಪೊಲೀಸರು ಫೋಟೋ ನೋಡಿ, "ನೋಡುವ, ಎಲ್ಲಿಗೆ ಹೋಗ್ತಾನೆ, ಬರ್ತಾನೆ" ಎಂದರು.

ಅಂಬವ್ವ ನೋಡುವ ಎಂದು ಕೂರುವ ಹೆಂಗಸಲ್ಲ. ಭಾನುವಾರ ಬಂತೆಂದರೆ ಮಗನ ಫೋಟೋ ಸೆರಗಿಗೆ ಕಟ್ಟಿಕೊಂಡು ಹೊರಟಳೇ. ಒಂದು ವಾರ ಮಲ್ಪೆ, ಮುಂದಿನ ವಾರ ಕಾಪು. ಬೀಚಿನಲ್ಲಿ ಚುರುಮುರಿ ಮಾರುವವನಿಂದ ಹಿಡಿದು ಬಸ್ ಏಜೆಂಟರವರೆಗೆ ಒಬ್ಬರನ್ನೂ ಬಿಡದೆ ತೋರಿಸಿ ಬರುತ್ತಿದ್ದಳು.

ರೋಶನ್‌ಗೆ ಕಾಲೇಜಿನ ಕೊನೆಯ ಪ್ರಾಜೆಕ್ಟ್ ಬಾಕಿ ಇತ್ತು. ಎಡ್ಮಂಡ್ ಮಾಮ ದುಬಾಯಿಯಿಂದ ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ, ಕಾಣೆಯಾದವರನ್ನು ಹುಡುಕುವ ಒಂದು ವೆಬ್‌ಸೈಟು ಮಾಡುತ್ತೇನೆಂದು ಕೂತ. ಮೊದಲ ಪುಟಕ್ಕೆ ಯಮನೂರನ ಫೋಟೋ. ಚಂದವೇ ಮಾಡಿದ್ದ, ಇಲ್ಲವೆನ್ನಲಾರೆ. ಹೆಸರು, ವಯಸ್ಸು, ಬಲಗೈಯಲ್ಲಿ ತಾಯಿಯ ಹೆಸರಿನ ಹಚ್ಚೆ, ಕೆಳಗೆ ನಮ್ಮ ಹತ್ತಿರದ ಎಸ್‌ಟಿಡಿ ಬೂತಿನ ನಂಬರು. ಅದಕ್ಕೂ ಕೆಳಗೆ, ಈ ಪುಟವನ್ನು ಎಷ್ಟು ಸಲ ತೆರೆದರೋ ಅಷ್ಟು ತೋರಿಸುವ ಒಂದು ಸಣ್ಣ ಅಂಕಿ.

ಅಂಬವ್ವನನ್ನು ಕರೆದು ತೋರಿಸಿದ. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತು ಕತ್ತೆತ್ತಿ ನೋಡಿದಳು.

"ಇದನ್ನ ಬ್ಯಾರೆ ಊರಿನ ಮಂದೀನೂ ನೋಡ್ತಾರೇನು ತಮ್ಮಾ?"

"ಹೌದು ಅಂಬವ್ವ. ಇಡೀ ಪ್ರಪಂಚ ನೋಡಬಹುದು."

"ಕೆಳಗಿಂದು ಏನದು?"

"ನೋಡಿದವರ ಸಂಖ್ಯೆ."

ಅವಳ ಮುಖ ಆಗ ಅರಳಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಇವನ ಮೇಲೆ ನನಗೆ ಈಗಲೂ ಸಿಟ್ಟು ಬರುವುದು.

ಆ ವಾರ ಅವಳು ಕಾರ್ಕಳಕ್ಕೆ ಹೊರಡುವವಳಿದ್ದಳು. ಅಲ್ಲಿಯ ಕಲ್ಲಿನ ಕೋರೆಗಳಲ್ಲಿ ಅವಳ ಊರಿನವರಿದ್ದರು, ಮಗ ಕೆಲಸ ಹುಡುಕಿಕೊಂಡು ಅವರ ಹತ್ತಿರ ಹೋಗಿರಬಹುದೆಂದು ಅವಳ ಎಣಿಕೆ. ಭಾನುವಾರ ಬೆಳಿಗ್ಗೆ ನೋಡಿದರೆ ಅಂಬವ್ವ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ.

"ಎಂತ ಮಾರಾಯ್ತಿ, ಕಾರ್ಕಳಕ್ಕೆ ಹೋಗ್ಲಿಲ್ವಾ?"

"ಇಷ್ಟ ಮಂದಿ ಹುಡುಕಾಕತ್ತಾರಲ್ರೀ ಅಕ್ಕಾರ. ಹತ್ತ ಮಂದಿ ಕಡ್ಡಿ, ಒಬ್ಬನ ಹೊರಿ. ನಾ ಒಬ್ಬಾಕಿ ಹೋಗಿ ಏನ್ ಮಾಡ್ಲಿ? ಫೋನ್ ಬಂದ್ರ ನಾ ಇಲ್ಲಿರಬೇಕಲ್ರೀ."

ಮಾತು ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ. ಅಂದಿನಿಂದ ಅವಳು ಎಲ್ಲಿಗೂ ಹೋಗಲಿಲ್ಲ. ಕೆಲಸ ಬಿಟ್ಟ ಕೂಡಲೇ ಬೂತಿನ ಕಟ್ಟೆಯ ಮೇಲೆ ಕೂರುವುದು, ಆಮೇಲೆ ಕೈಕಾಲು ತೊಳೆದುಕೊಂಡು ನಮ್ಮಲ್ಲಿಗೆ ಬಂದು, "ಇವತ್ತ ಎಷ್ಟ ಮಂದಿ ನೋಡ್ಯಾರ ತಮ್ಮಾ?" ಎಂದು ಕೇಳುವುದು. ರೋಶನ್ ಪುಟ ತೆರೆದು ಅಂಕಿ ಓದುತ್ತಿದ್ದ. ನಿನ್ನೆಗಿಂತ ಇವತ್ತು ಜಾಸ್ತಿ, ಇವತ್ತಿಗಿಂತ ನಾಳೆ. ಅವಳು ಸಮಾಧಾನದಿಂದ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕೂ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಬೆನ್ನು ತಟ್ಟಿದರಂತೆ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಕಾರ್ಕಳದ ಕೋರೆಯಿಂದ ಅಂಬವ್ವನ ಊರಿನ ಕರಿಬಸವ ಬಂದ. ಹೊರಗೇ ನಿಂತು, ಅವಳಿಗೆ ಹೇಗೆ ಹೇಳಲಿ ಎಂದು ಮೊದಲು ನನ್ನ ಹತ್ತಿರ ಹೇಳಿದ. ಬೆಳ್ಮಣ್ಣಿನ ಬಳಿ ಯಮನೂರನಿಗೆ ಯಾವುದೋ ಗಾಡಿ ಬಡಿದಿತ್ತು. ಕಾರ್ಕಳದ ಒಂದು ಆಸ್ಪತ್ರೆಯಲ್ಲಿ ತಿಂಗಳ ಮೇಲೆ ಮಲಗಿದ್ದ, ಅಂಬವ್ವ ಹೋಗದೆ ಉಳಿದ ಆ ಭಾನುವಾರವೂ ಅಲ್ಲೇ ಇದ್ದ, ಬಾಯಿಗೆ ಮಾತಿರಲಿಲ್ಲ. ಸತ್ತ ಮೇಲೆ ವಾರಸುದಾರರಿಲ್ಲವೆಂದು ಹೂತರು. ಕೈಯಲ್ಲಿ ಅಂಬವ್ವ ಎಂದು ಹಚ್ಚೆ ಇತ್ತೆಂದು ಯಾರೋ ಕೋರೆಯ ಹತ್ತಿರದ ಹೋಟೆಲಿನಲ್ಲಿ ಆಡಿದ ಮಾತು ಕೋರೆಯವರ ಕಿವಿಗೆ ಬೀಳುವಾಗ ಎಲ್ಲ ಮುಗಿದಿತ್ತು. ಕರಿಬಸವ ಪೊಲೀಸ್ ಸ್ಟೇಷನ್ನಿನಲ್ಲಿ ಹೆಣದ ಫೋಟೋ ನೋಡಿ ಗುರುತು ಹಿಡಿದು ಬಂದಿದ್ದ.

ಅಂಬವ್ವನಿಗೆ ಅವನೇ ಹೇಳಿದ. ಆ ಕೂಗನ್ನು ನಾನು ಬರೆಯುವುದಿಲ್ಲ.

ಸಂಜೆ ರೋಶನ್‌ನನ್ನು ಅಡುಗೆಮನೆಗೆ ಕರೆದು ಕೇಳಿದೆ. "ಪ್ರಪಂಚವೆಲ್ಲ ನೋಡಿತು ಅಂದ್ಯಲ್ಲ. ಕಾರ್ಕಳದಲ್ಲಿ ಒಬ್ಬನಿಗೂ ಕಣ್ಣಿರಲಿಲ್ವಾ?"

"ಅಕ್ಕ, ಅದು ಇಂಟರ್ನೆಟ್ಟಿಗೆ ಹೋಗಲೇ ಇಲ್ಲ."

"ಎಂತದು?"

"ಇಂಟರ್ನೆಟ್ಟಿಗೆ ಫೋನ್ ಲೈನ್ ಬೇಕು, ನಮ್ಮಲ್ಲಿ ಎಲ್ಲಿ ಉಂಟು? ಪುಟವನ್ನು ಕೊಡುವ ಸರ್ವರ್ ಆ ಲ್ಯಾಪ್‌ಟಾಪಿನ ಒಳಗೇ ಇರುವುದು. ಅದೇ ಕೇಳುವುದು, ಅದೇ ಕೊಡುವುದು. ಪೂರ್ತಿ ಸರಿ ಮಾಡಿ ಆಮೇಲೆ ಸೈಬರ್ ಕೆಫೆಗೆ ಹೋಗಿ ಹಾಕುವ ಅಂತಿದ್ದೆ."

"ಮತ್ತೆ ಆ ಸಂಖ್ಯೆ?"

"ನಾನು ಟೆಸ್ಟ್ ಮಾಡಿದ್ದು. ಅವಳು ಬಂದು ನೋಡಿದ್ದು."

ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರೆ. ಇವನು ಕುಲಾವಿಗೆ ಕಸೂತಿ ಹಾಕುತ್ತಾ ಕೂತಿದ್ದ, ಅತ್ತ ಅವಳ ಕೂಸು ಹೋಯಿತು. ಅವನು ಅಳುತ್ತಿದ್ದ. ಅಳಲಿ ಎಂದು ಬಿಟ್ಟೆ.

ಒಂದೆರಡು ದಿನ ಕಳೆದು ಅಂಬವ್ವ ಬಂದಳು. ಕರಿಬಸವನ ಜೊತೆ ಕಾರ್ಕಳಕ್ಕೆ ಹೋಗಿ ಮಗನನ್ನು ಹೂತ ಜಾಗ ನೋಡಿ, ಅಲ್ಲಿಂದ ಊರಿಗೆ ಹೋಗುವವಳು. ಗಂಟುಮೂಟೆ ಅಂಗಳದಲ್ಲಿತ್ತು. ಯಾವಾಗಿನ ಹಾಗೆಯೇ ನೆಲದ ಮೇಲೆ ಕೂತಳು.

"ಅದನ್ನ ತಗೀ ತಮ್ಮಾ."

ರೋಶನ್ ತೆರೆದ. ಮಗನ ಮುಖವನ್ನು ತುಂಬಾ ಹೊತ್ತು ನೋಡಿದಳು.

"ಇಷ್ಟ ಮಂದಿ ನನ್ನ ಮಗನ್ನ ಹುಡುಕ್ಯಾರ. ಗುರ್ತಿಲ್ಲ, ಪರಿಚಯಿಲ್ಲ. ಪಾಪ, ಅವ್ರು ಇನ್ನೂ ಹುಡುಕ್ತಾನ ಇರ್ತಾರ. ಸಿಕ್ಕಾನ, ಇನ್ನ ಹುಡುಕಬ್ಯಾಡ್ರಿ ಅಂತ ಅದರಾಗ ಬರೀ."

"ಅಂಬವ್ವ, ಅದು," ಎಂದು ಅವನು ಬಾಯಿ ತೆರೆದ. ನಾನು ಅವನ ಭುಜ ಹಿಂಡಿದೆ. ನಿಜ ಹೇಳಿ ಇವನು ಹಗುರಾಗುತ್ತಾನೆ. ಅವಳಿಗೆ ಉಳಿಯುವುದೆಂತ? ಆ ಭಾನುವಾರ ಬಸ್ಸು ಹತ್ತಿದ್ದರೆ ಮಗ ಜೀವಂತ ಸಿಗುತ್ತಿದ್ದ ಎನ್ನುವುದು ಒಂದೇ.

"ಬರೆ," ಎಂದೆ.

ಬರೆದ. ಅವಳು ಅದನ್ನು ಓದಿಸಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾರಿಗೂ ಮುಟ್ಟೇತೇನ್ರೀ ಅಕ್ಕಾರ?" ಎಂದಳು.

"ಮುಟ್ಟಿತು ಅಂಬವ್ವ," ಎಂದೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು, ಆ ಲ್ಯಾಪ್‌ಟಾಪಿಗೆ ಎರಡೂ ಕೈ ಜೋಡಿಸಿದಳು.

"ನಿಮ್ಮಿಂದ ಭಾಳ ಉಪಕಾರ ಆತ್ರೀ," ಎಂದಳು.