ಶೀಟಿನ ಆ ತುದಿ

ಬಿಸಿ ಇನ್ನೂ ಆರಿಲ್ಲ ಈ ಶೀಟಿಗೆ, ಬೆರಳ ತುದಿ ಚುರ್ ಎನ್ನುತ್ತದೆ, ಆದರೂ ಮೂಲೆ ಬಿಡುವಂತಿಲ್ಲ, ಆ ತುದಿಯಲ್ಲಿ ಅವಳು ತನ್ನ ಎರಡು ಮೂಲೆ ಹಿಡಿದು ನಿಂತಿದ್ದಾಳೆ, ಒಂದು ಸಲ ಜಾಡಿಸುವುದು, ಉದ್ದಕ್ಕೆ ಮಡಿಸುವುದು, ಮತ್ತೊಮ್ಮೆ ಮಡಿಸುವುದು, ಆಮೇಲೆ ಅವಳು ನನ್ನ ಕಡೆಗೆ ನಡೆದು ಬರುತ್ತಾಳೆ, ನಾಲ್ಕೇ ಹೆಜ್ಜೆ, ತನ್ನ ಮೂಲೆಗಳನ್ನು ನನ್ನ ಕೈಗೆ ಕೊಡುತ್ತಾಳೆ, ಬೆರಳಿಗೆ ಬೆರಳು ತಾಗುತ್ತದೆ, ಮುಖಕ್ಕೂ ಮುಖಕ್ಕೂ ಒಂದು ಗೇಣು, ಆದರೆ ಅವಳ ನೋಟ ಶೀಟಿನ ನೀಲಿ ಅಂಚಿನ ಮೇಲೆ, ನನ್ನ ಮೇಲಲ್ಲ, ಹದಿನೆಂಟು ದಿನದಿಂದ ನನ್ನ ಮೇಲಲ್ಲ. ಆಸ್ಪತ್ರೆಯ ಈ ಲಾಂಡ್ರಿಯಲ್ಲಿ ಆರು ವರ್ಷದಿಂದ ನಾವಿಬ್ಬರು ಜೋಡಿ, ಅವಳು ಮಡಿಸಿದರೆ ಅಂಚು ಗೆರೆ ಎಳೆದ ಹಾಗಿರುತ್ತದೆ, ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಗೆರೆಯಮ್ಮ, ಮಾತೆತ್ತಿದರೆ ದೇವರಿಗೆ ಸ್ತೋತ್ರ ಎನ್ನುವ ನಾನು ಸ್ತೋತ್ರಕ್ಕ, ಯಂತ್ರ ಕೆಟ್ಟರೂ ಸ್ತೋತ್ರ ರಿಪೇರಿಯಾದರೂ ಸ್ತೋತ್ರ ಎಂದು ಕಾಲೆಳೆಯುತ್ತಿದ್ದವಳೂ ಇವಳೇ. ನಾಳೆಯಿಂದ ಅವಳಿಗೆ ಒಗೆಯುವ ವಿಭಾಗ, ತಾನೇ ಕೇಳಿ ಹಾಕಿಸಿಕೊಂಡಳಂತೆ, ಅಲ್ಲಿಯ ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಕೇಳಿದ್ದಾಳೆ. ಬುಟ್ಟಿಯಲ್ಲಿ ಇನ್ನು ಹನ್ನೆರಡು ಶೀಟ್ ಇರಬಹುದು, ಹನ್ನೆರಡು ಸಲ ನನ್ನ ಹತ್ತಿರ ಬರುತ್ತಾಳೆ, ಅಷ್ಟರೊಳಗೆ ತಪ್ಪಾಯಿತು ಎಂದು ಹೇಳಬೇಕು, ಒಂದೇ ಒಂದು ಮಾತು.

ನನ್ನ ಮುಖ ನೋಡಿ ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದವಳು ಅವಳು, ಸಂಕಟವೆಲ್ಲ ಅದೇ. ಅವತ್ತು ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯಲ್ಲಿ ಕಲೆ ಉಳಿದಿದೆಯೆಂದು ಮೇಲ್ವಿಚಾರಕ ಎಲ್ಲರೆದುರು ನನ್ನ ಮೇಲೆ ಹರಿಹಾಯ್ದ, ಒಗೆದವಳು ನಾನಲ್ಲ, ಆದರೂ ತುಟಿ ಪಿಟಕ್ಕೆನ್ನಲಿಲ್ಲ, ಸಂಜೆ ಅವನ ಮೇಜಿನ ಮೇಲೆ ಚಹಾ ಇಟ್ಟು ಬಂದೆ. ಇವಳು ಕೇಳಿದಳು, ಅಕ್ಕ, ಅಷ್ಟೆಲ್ಲ ಅನ್ನಿಸಿಕೊಂಡ್ರೂ ನಿಮ್ಮ ಮುಖದಲ್ಲಿ ಅದೇನೋ ಬೆಳಕಿರುತ್ತಲ್ಲ, ಎಲ್ಲಿಂದ ಬರುತ್ತೆ ಅದು. ನನ್ನದಲ್ಲಮ್ಮ, ಮೇಲಿರುವ ಆತನದು, ನನ್ನ ಮೇಲೆ ಬಿದ್ದಿದೆ ಅಷ್ಟೇ, ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಮನೆ ಮುಟ್ಟುವವರೆಗೂ ನನಗೆ ನಾನೇ ಬೀಗಿದೆ, ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ ಕೂಡ, ಬೆಳಕು ಇದೆಯೇ ಎಂದು, ಇದೆ ಅನ್ನಿಸಿತು, ನಾಚಿಕೆಗೆಟ್ಟವಳು. ಭಾನುವಾರ ಕೂಟದಲ್ಲಿ ಎದ್ದು ನಿಂತು ಅದನ್ನೇ ಸಾಕ್ಷಿ ಹೇಳಿದೆ, ನಾನು ಬರೀ ಪ್ರಸಂಗ ಮಾಡ್ತೀನಿ, ಬದುಕಿ ತೋರಿಸೋರು ಇವರು ಎಂದರು ಪಾಸ್ಟರ್, ಮಹಿಮೆಯೆಲ್ಲ ದೇವರಿಗೇ ಎಂದೆ ನಾನು, ಆದರೆ ಚಪ್ಪಾಳೆಯನ್ನು ಆತನಿಗೆ ಮುಟ್ಟಿಸಲಿಲ್ಲ, ಮನೆಗೆ ತಂದುಕೊಂಡೆ. ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಊಟದ ಹೊತ್ತು, ಶೀಟುಗಳ ರಾಶಿಗೆ ಒರಗಿ ಕೂತು ಅವಳು ಹೇಳಿದ್ದು, ನನ್ನ ಗಂಡ ಸತ್ತಿಲ್ಲ ಅಕ್ಕ, ಊರಿನ ಆ ಕಡೆ ಇನ್ನೊಬ್ಬಳ ಜೊತೆ ಇದಾನೆ, ಬಿಟ್ಟು ಹೋದ ಅನ್ನೋಕೆ ಬಾಯಿ ಬರಲಿಲ್ಲ, ಸತ್ತ ಅಂದ್ಬಿಟ್ಟೆ, ಮಗಳಿಗೂ ಹಾಗೇ ಹೇಳಿ ಬೆಳೆಸಿದೀನಿ, ನಿಮ್ಮೊಬ್ಬರಿಗೇ ಹೇಳ್ತಿರೋದು. ಅವಳ ಕೈ ಹಿಡಿದುಕೊಂಡೆ, ಅದು ನಿಜವಾಗಿಯೂ ಹಿಡಿದದ್ದು, ಅದರಲ್ಲಿ ನಾಟಕವಿರಲಿಲ್ಲ, ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ಎಂಟು ಶೀಟ್, ಬಂದಳು, ಕೊಟ್ಟಳು, ಹೋದಳು. ಕೂಟಕ್ಕೆ ಬಾ ಎಂದು ಕರೆದವಳು ನಾನೇ, ಬಂದಳು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಹಿಂದಿನ ಸಾಲಿನ ಕೊನೆಯ ಕುರ್ಚಿಯ ತುದಿಯಲ್ಲಿ ಕೂತಳು. ಯಾರಿಗಾದರೂ ಪ್ರಾರ್ಥನಾ ವಿನಂತಿ ಇದೆಯೇ ಎಂದು ಪಾಸ್ಟರ್ ಕೇಳಿದರು, ನಾನು ಎದ್ದು ನಿಂತೆ. ನಮ್ಮ ಕೂಟದಲ್ಲಿ ಅದೊಂದು ಅನುಕೂಲ, ಇನ್ನೊಬ್ಬರ ಮನೆಯ ಮಾತನ್ನು ಕಾಫಿ ಕುಡಿಯುತ್ತ ಆಡಿದರೆ ಚಾಡಿ, ಕಣ್ಣು ಮುಚ್ಚಿಕೊಂಡು ಆಡಿದರೆ ಪ್ರಾರ್ಥನೆ. ತಂದೆಯೇ, ಗಂಡ ಬದುಕಿದ್ದೂ ಸತ್ತನೆಂದು ಹೇಳಿಕೊಂಡು ಬಾಳುತ್ತಿರುವ ಈ ನಿನ್ನ ಮಗಳನ್ನು ನೋಡು, ಎಂದೆ, ಅಪ್ಪ ಇಲ್ಲವೆಂದೇ ನಂಬಿರುವ ಆ ಮಗುವನ್ನು ನೋಡು, ಎಂದೆ, ದನಿ ತಾನಾಗಿ ನಡುಗಿತು, ಅಲ್ಲಲ್ಲಿ ಮೂಗು ಒರೆಸುವ ಸದ್ದು ಕೇಳಿಸಿತು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೇನಿತ್ತು, ಹೊಸಬಳು ಅವಳೊಬ್ಬಳೇ. ನಮ್ಮ ಲಾಂಡ್ರಿಯ ಇಸ್ತ್ರಿಯವನ ಅತ್ತಿಗೆ ಅಲ್ಲಿದ್ದಳು, ಅವಳೂ ಚಾಡಿ ಹೇಳಲಿಲ್ಲವಂತೆ, ಪಾಪ ಅವಳಿಗೋಸ್ಕರ ಪ್ರಾರ್ಥನೆ ಮಾಡಿ ಎಂದು ಮನೆಯಲ್ಲಿ ಹೇಳಿದಳಂತೆ. ಸೋಮವಾರ ಬೆಳಿಗ್ಗೆ ಇಸ್ತ್ರಿಯವನು ಎಲ್ಲರಿಗೂ ಕೇಳುವ ಹಾಗೆ, ಏನಮ್ಮ, ತೀರಿಕೊಂಡವರು ಆರೋಗ್ಯವಾಗಿದಾರಾ, ಎಂದ, ಎಲ್ಲರೂ ನಕ್ಕರು, ಇವಳು ಮಡಿಸುತ್ತಲೇ ಇದ್ದಳು, ಅವತ್ತೂ ಅಂಚು ಒಂದಿಷ್ಟೂ ಸೊಟ್ಟಗಾಗಲಿಲ್ಲ. ವಾರದೊಳಗೆ ಮಗಳ ಕಿವಿಗೂ ಬಿತ್ತು, ಅಪ್ಪನ ಮನೆ ಯಾವ ರಸ್ತೇಲಿದೆ ಎಂದಷ್ಟೇ ಕೇಳಿ ಆ ಹುಡುಗಿ ತಾಯಿಯ ಜೊತೆ ಮಾತು ಬಿಟ್ಟಿದ್ದಾಳಂತೆ, ಇವಳು ಇನ್ನು ಸಂಜೆ ತನ್ನ ಮನೆಗೆ ಹೋಗಿ ಯಾರ ಮುಖ ನೋಡಬೇಕು. ನಮ್ಮವರಿಗೆ ಹೇಳಿದೆ, ಬೇಕೆಂದು ಮಾಡಿದ್ದಲ್ಲರೀ, ಕಣ್ಣು ಮುಚ್ಚಿದ್ದೆ, ಅವಳಿಗೆ ಹಿಂಸೆಯಾಗುತ್ತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು. ಪಾಸ್ಟರಿಗೂ ಅದನ್ನೇ ಹೇಳಿದೆ, ಉದ್ದೇಶ ಒಳ್ಳೇದಿತ್ತಮ್ಮ, ದೇವರು ಹೃದಯ ನೋಡ್ತಾನೆ ಎಂದರು, ನೋಡುತ್ತಾನಲ್ಲ ಎನ್ನುವುದೇ ಭಯ, ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೂರು ಶೀಟ್. ಎರಡು. ಜಾಡಿಸಿದೆವು, ಮಡಿಸಿದೆವು, ನಡೆದು ಬಂದಳು, ಈಗ ಹೇಳದಿದ್ದರೆ ಇನ್ನಿಲ್ಲ, ತಪ್ಪಾಯ್ತು ಕಣೇ ಎಂದೆ, ಹೇಳಿಯೇಬಿಟ್ಟೆ, ಅಲ್ಲಿಗೆ ನಿಲ್ಲಿಸಬಾರದೇ, ಕಣ್ಣು ಮುಚ್ಚಿದ್ದೆ, ನಿನ್ನ ಮುಖ ಕಂಡಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ, ದೇವರಾಣೆ ಎಂದೂ ಸೇರಿಸಿದೆ. ಅವಳು ಮೂಲೆಗಳನ್ನು ಹಿಡಿದುಕೊಂಡೇ ನಿಂತಳು, ಹದಿನೆಂಟು ದಿನದ ಮೇಲೆ ನೇರವಾಗಿ ನನ್ನನ್ನು ನೋಡಿದಳು, ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಮಧ್ಯದಲ್ಲಿ ಒಂದ್ಸಲ ಕಣ್ಣು ತೆಗೆದಿದ್ರಿ ಅಕ್ಕ, ಎಂದಳು. ಮೂಲೆಗಳನ್ನು ನನ್ನ ಕೈಗಿಟ್ಟು ಕೊನೆಯ ಶೀಟ್ ತರಲು ಬುಟ್ಟಿಯ ಕಡೆ ಹೋದಳು.

ತೆಗೆದಿದ್ದೆ. ಹೌದು, ತೆಗೆದಿದ್ದೆ, ಎಷ್ಟು ಜನ ಅಳುತ್ತಿದ್ದಾರೆ ನೋಡೋಣವೆಂದು, ಒಂದೇ ಗಳಿಗೆ, ಸಾಲು ಸಾಲು ಬಾಗಿದ ತಲೆ, ಸಾಲು ಸಾಲು ಮುಚ್ಚಿದ ಕಣ್ಣು, ಅಷ್ಟು ಜನರಲ್ಲಿ ತೆರೆದಿದ್ದದ್ದು ಅವಳ ಎರಡು ಕಣ್ಣು, ನನ್ನನ್ನೇ ನೋಡುತ್ತಿದ್ದವು, ತಲೆ ಸಣ್ಣಗೆ ಅಲ್ಲಾಡಿತು, ಬೇಡ ಅಕ್ಕ ಎನ್ನುವ ಹಾಗೆ, ಕಂಡಿತು, ಚೆನ್ನಾಗಿ ಕಂಡಿತು, ಆದರೆ ಮಾತು ಸೊಗಸಾಗಿ ಬರುತ್ತಿತ್ತು, ಮತ್ತೆ ಕಣ್ಣು ಮುಚ್ಚಿದೆ — ಮಗುವಿನ ಮಾತು ಇನ್ನೂ ಆಡಿರಲಿಲ್ಲ, ಅದನ್ನು ಆಡಿದ್ದು ಆಮೇಲೆ — ಬೇಡ ಎಂದು ಅಲ್ಲಾಡಿದ ತಲೆ, ಆ ಎರಡು ಕಣ್ಣು, ತೆರೆದೇ ಇದ್ದವು, ಆ ಎರಡು ಕಣ್ಣು —